ಕೊರೊನಾ ಕಾಲದಲ್ಲಿ ವಯಸ್ಸಾದ ತಾಯಿಯನ್ನು ಒಂದು ದಿನದ ಪ್ರವಾಸಕ್ಕೆ ಎಲ್ಲಿಗೆ ಕರೆದುಕೊಂಡು ಹೋಗಬಹುದು?

ಪ್ರಶ್ನೆ (ಡಿಸೆಂಬರ್ 2020): ನಾವು ಬೆಂಗಳೂರಿನ ಯಲಹಂಕದಲ್ಲಿ ಇದ್ದೇವೆ. ಮಾರ್ಚ್ ತಿಂಗಳಿಂದ ಮನೆಮಂದಿಯೆಲ್ಲ ಹೆಚ್ಚುಕಡಿಮೆ ನಾಲ್ಕು ಗೋಡೆಗಳ ನಡುವೆಯೇ ಕಳೆದಿದ್ದೇವೆ. ತಾಯಿಯವರಿಗೆ 67 ವರ್ಷ, ಸಕ್ಕರೆ ಕಾಯಿಲೆಯಿದೆ. ಮಗಳಿಗೆ ಒಂಬತ್ತು ವರ್ಷ. ವರ್ಷಾಂತ್ಯದ ರಜೆಯಲ್ಲಿ ಹತ್ತಿರದ ಯಾವುದಾದರೂ ಸ್ಥಳಕ್ಕೆ ಒಂದು ದಿನದ ಮಟ್ಟಿಗೆ ಹೋಗಿಬರಬೇಕೆಂದಿದೆ. ಯಾವ ಸ್ಥಳ ಸುರಕ್ಷಿತ?

ಉತ್ತರ: ಹೋಗಿಬರಬಹುದು, ಆದರೆ ವರ್ಷಾಂತ್ಯದ ರಜೆಯಲ್ಲಿ ಬೇಡ. ಹೊಸವರ್ಷದ ಗದ್ದಲ ಮುಗಿದ ಮೇಲೆ, ಸಂಕ್ರಾಂತಿಗೆ ಮುಂಚಿನ ಒಂದು ಮಂಗಳವಾರವೋ ಬುಧವಾರವೋ ಕಚೇರಿಗೆ ಒಂದು ದಿನದ ರಜೆ ಹಾಕಿ ಹೊರಡಿ. ಅದಕ್ಕೂ ಮೊದಲು ತಾಯಿಯವರ ಸಕ್ಕರೆ ಕಾಯಿಲೆಗೆ ಔಷಧಿ ಕೊಡುತ್ತಿರುವ ವೈದ್ಯರನ್ನು ಫೋನಿನಲ್ಲಿಯಾದರೂ ಕೇಳಿ. 65 ದಾಟಿದವರು, ಹತ್ತು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮತ್ತು ದೀರ್ಘಕಾಲದ ಕಾಯಿಲೆ ಇರುವವರು ಅಗತ್ಯವಿಲ್ಲದೆ ಹೊರಗೆ ಬರಬಾರದೆಂಬುದು 2020ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಸಲಹೆ. ನಿಮ್ಮ ಮನೆಯ ಇಬ್ಬರಿಗೂ ಅದು ಅನ್ವಯಿಸುತ್ತದೆ. ಆ ಸಲಹೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂಬತ್ತು ತಿಂಗಳಿಂದ ಬಾಗಿಲು ದಾಟದ ಹಿರಿಯರ ಕಾಲಿನ ಕಸುವು ಕುಂದುವುದನ್ನು, ಮಾತು ಕಡಿಮೆಯಾಗುವುದನ್ನು, ನಿದ್ದೆ ಕೆಡುವುದನ್ನು ಹಲವು ಮನೆಗಳಲ್ಲಿ ಕಾಣುತ್ತಿದ್ದೇವೆ. ವೈದ್ಯರು ಒಪ್ಪಿದರೆ, ಜನರಿಲ್ಲದ ಬಯಲಿನಲ್ಲಿ ಒಂದೆರಡು ಗಂಟೆ ಕುಳಿತು ಬರುವುದರಲ್ಲಿ ತಪ್ಪಿಲ್ಲವೆಂದು ನನಗನ್ನಿಸುತ್ತದೆ.

ಸುರಕ್ಷತೆಯೆಂದರೆ ದೂರ ಕಡಿಮೆಯಿರುವುದು ಎಂದು ಅನೇಕರು ತಿಳಿದಿದ್ದಾರೆ. ಮನೆಯ ಪಕ್ಕದ ಮಾಲ್‌ಗಿಂತ ನೂರು ಕಿಲೋಮೀಟರ್ ಆಚೆಯ ಬಯಲು ಎಷ್ಟೋ ವಾಸಿ. ನೋಡಬೇಕಾದದ್ದು ನಾವು ಯಾರ ಉಸಿರಿನ ಹತ್ತಿರ, ಎಂಥ ಜಾಗದಲ್ಲಿ, ಎಷ್ಟು ಹೊತ್ತು ಇರುತ್ತೇವೆ ಎಂಬುದನ್ನು. ಮುಚ್ಚಿದ ಕೋಣೆಯಲ್ಲಿ ಹಚ್ಚಿದ ಊದುಬತ್ತಿಯ ಹೊಗೆ ಆರಿದ ಮೇಲೂ ಅಲ್ಲೇ ತೇಲುತ್ತಿರುವಂತೆ, ಸೋಂಕಿತರು ಮಾತನಾಡುವಾಗ, ಹಾಡುವಾಗ, ಕೆಮ್ಮುವಾಗ ಹೊರಬೀಳುವ ಅತಿಸಣ್ಣ ಹನಿಗಳು ಗಾಳಿಯಾಡದ ಜಾಗದಲ್ಲಿ ಉಳಿದುಕೊಳ್ಳುತ್ತವೆ. ಬಯಲಿನಲ್ಲಿ ಚದುರಿ ಹೋಗುತ್ತವೆ. ಪ್ರವಾಸಿ ತಾಣದ ಗೇಟಿನಲ್ಲಿ ಹಣೆಗೆ ಹಿಡಿಯುವ ಜ್ವರಮಾಪಕವನ್ನು ನಂಬಿ ನಿಶ್ಚಿಂತರಾಗಬೇಡಿ, ಏಕೆಂದರೆ ಸೋಂಕು ತಗುಲಿದವರು ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಅದನ್ನು ಹರಡಬಲ್ಲರು ಮತ್ತು ಕೆಲವರಲ್ಲಿ ಜ್ವರ ಬರುವುದೇ ಇಲ್ಲ.

ಈ ಲೆಕ್ಕದಲ್ಲಿ ನೋಡಿದರೆ, ಯಲಹಂಕದವರಿಗೆ ಮೊದಲು ನೆನಪಾಗುವ ನಂದಿಬೆಟ್ಟ ರಜಾದಿನದ ಮುಂಜಾನೆಯಲ್ಲಿ ಅಷ್ಟೇನೂ ಒಳ್ಳೆಯ ಆಯ್ಕೆಯಲ್ಲ. ಸೂರ್ಯೋದಯ ನೋಡಲು ಬರುವ ವಾಹನಗಳ ಸಾಲು, ಟಿಕೆಟ್ ಕೌಂಟರಿನ ಬಳಿ ಒತ್ತಿಕೊಂಡು ನಿಲ್ಲುವವರು, ಕಟ್ಟೆಯ ಅಂಚಿನಲ್ಲಿ ಮಾಸ್ಕ್ ಇಳಿಸಿ ಫೋಟೊ ತೆಗೆಸಿಕೊಳ್ಳುವವರು, ಇವರೆಲ್ಲರ ನಡುವೆ ತಾಯಿಯವರನ್ನು ನಿಲ್ಲಿಸಲು ನಿಮಗೇ ಮನಸ್ಸು ಬಾರದು. ಬೆಟ್ಟ ಹತ್ತದೆ ಅದರ ಬುಡದಲ್ಲಿರುವ ನಂದಿ ಗ್ರಾಮಕ್ಕೆ ಹೋಗಿ. ಅಲ್ಲಿನ ಭೋಗನಂದೀಶ್ವರ ದೇವಾಲಯ ಯಲಹಂಕದಿಂದ ಸುಮಾರು ಒಂದು ಗಂಟೆಯ ದಾರಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿರುವ ಇಂಥ ಸ್ಮಾರಕಗಳನ್ನು 2020ರ ಜುಲೈ 6ರಿಂದ ಮತ್ತೆ ತೆರೆಯಲು ಆರಂಭಿಸಲಾಯಿತು.

ಇದನ್ನೇ ಸೂಚಿಸುವುದಕ್ಕೆ ಕಾರಣವಿದೆ. ದೇವಾಲಯದ ಒಳ ಆವರಣ ವಿಶಾಲವಾದ ತೆರೆದ ಅಂಗಳ; ಹತ್ತಲು ಬೆಟ್ಟದಷ್ಟು ಮೆಟ್ಟಿಲುಗಳಿಲ್ಲ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳು ಅಕ್ಕಪಕ್ಕದಲ್ಲಿದ್ದು, ಅವುಗಳ ನಡುವೆ ಉಮಾಮಹೇಶ್ವರನ ಪುಟ್ಟ ಗುಡಿಯೂ ಅದರ ಮುಂದಿನ ಕಲ್ಯಾಣಮಂಟಪವೂ ಇವೆ. ಆ ಮಂಟಪದ ನುಣುಪಾದ ಕರಿಗಲ್ಲಿನ ಕಂಬಗಳಲ್ಲಿ ಬಳ್ಳಿಗಳನ್ನೂ ಹಕ್ಕಿಗಳನ್ನೂ ಎಷ್ಟು ಸಣ್ಣದಾಗಿ ಕಡೆದಿದ್ದಾರೆಂದರೆ, ಮಗಳು ಒಂದೊಂದು ಕಂಬದ ಸುತ್ತಲೂ ಹಕ್ಕಿಗಳನ್ನು ಹುಡುಕುತ್ತ ಅರ್ಧ ಗಂಟೆ ಕಳೆಯುವುದು ಖಂಡಿತ. ಅಂಗಳದಾಚೆ ಶೃಂಗಿ ತೀರ್ಥವೆಂಬ ಮೆಟ್ಟಿಲುಗಳ ಕಲ್ಯಾಣಿಯಿದೆ. ಅದರ ಸುತ್ತಲಿನ ಕೈಸಾಲೆಯ ನೆರಳಿನಲ್ಲಿ ಮಡಿಚುವ ಕುರ್ಚಿ ಹಾಕಿ ತಾಯಿಯವರನ್ನು ಕೂರಿಸಿದರೆ, ಬೇರೆಯವರಿಂದ ಎರಡು ಗಜಕ್ಕಿಂತ ಹೆಚ್ಚು ಅಂತರ ಸಹಜವಾಗಿಯೇ ಸಿಗುತ್ತದೆ.

ಒಂದು ಎಚ್ಚರಿಕೆಯಿದೆ, ಅದನ್ನು ಹೊರಡುವ ಮೊದಲೇ ತಾಯಿಯವರಿಗೆ ತಿಳಿಸಿ ಒಪ್ಪಿಸಿಕೊಳ್ಳಿ. ಗರ್ಭಗುಡಿಯ ಮುಂದಿನ ಜಾಗ ಇಕ್ಕಟ್ಟು, ಕತ್ತಲು, ಗಾಳಿ ಆಡದು. ನಾಲ್ಕಾರು ಜನ ಸೇರಿದ್ದರೂ ಒಳಗೆ ಹೋಗದೆ, ನಂದಿಯ ಬಳಿಯಿಂದಲೇ ಕೈಮುಗಿಯಬೇಕು. ಗುಡಿಯವರೆಗೆ ಬಂದು ದರ್ಶನವಿಲ್ಲದೆ ಮರಳುವುದು ಆ ವಯಸ್ಸಿನವರಿಗೆ ಎಂಥ ನೋವೆಂಬುದು ಗೊತ್ತಿರುವುದರಿಂದಲೇ, ಬಾಗಿಲಲ್ಲಿ ನಿಂತು ವಾದಿಸುವ ಪ್ರಸಂಗ ಬರಬಾರದೆಂದು ಹೇಳುತ್ತಿದ್ದೇನೆ. ಶಿವನ ಗುಡಿಯಾದ್ದರಿಂದ ಸೋಮವಾರ, ಪ್ರದೋಷ ಮತ್ತು ಅಮಾವಾಸ್ಯೆಯ ದಿನಗಳನ್ನು ಬಿಡಿ.

ನಗರದ ಪೂರ್ವಭಾಗದವರಿಗೆ ಮುಳಬಾಗಿಲು ತಾಲ್ಲೂಕಿನ ಆವಣಿ ಇದೇ ಬಗೆಯದು: ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿರುವ ಗುಡಿಗಳು ಒಂದೇ ಪ್ರಾಕಾರದೊಳಗಿವೆ. ಗುಡಿಯೇ ಬೇಡವೆನಿಸಿದರೆ ನಿಮಗೆ ಹೆಸರಘಟ್ಟ ಹತ್ತಿರ. 1890ರ ದಶಕದಲ್ಲಿ ಬೆಂಗಳೂರಿಗೆ ನೀರು ಕೊಡಲು ಅರ್ಕಾವತಿಗೆ ಕಟ್ಟಿದ ಕೆರೆಯ ಪಕ್ಕದ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ದೊಡ್ಡ ಪ್ರವಾಸಕ್ಕೆ ಮುಂಚೆ ಅಲ್ಲಿಗೆ ಒಂದು ಸಂಜೆ ಹೋಗಿಬಂದರೆ, ತಾಯಿಯವರು ಕಾರಿನಲ್ಲಿ ಎಷ್ಟು ಹೊತ್ತು ಕೂರಬಲ್ಲರೆಂಬುದು ನಿಮಗೆ ತಿಳಿಯುತ್ತದೆ. ಕೊಡಗು, ಚಿಕ್ಕಮಗಳೂರು, ಗೋಕರ್ಣಗಳನ್ನು ಈ ಬಾರಿ ಬಿಟ್ಟುಬಿಡಿ. ರಾತ್ರಿ ತಂಗುವುದೆಂದರೆ ಊಟದ ಕೋಣೆ, ಲಿಫ್ಟ್, ಹಜಾರ, ಎಲ್ಲವನ್ನೂ ಅಪರಿಚಿತರೊಡನೆ ಹಂಚಿಕೊಳ್ಳುವುದಾಗುತ್ತದೆ.

ಸ್ವಂತ ಕಾರಿನಲ್ಲಿ ಒಂದೇ ಮನೆಯವರಿದ್ದರೆ ಪ್ರಯಾಣದ ಬಗ್ಗೆ ಹೆಚ್ಚು ಚಿಂತೆ ಬೇಕಿಲ್ಲ. ನೆಂಟರೋ ಸ್ನೇಹಿತರೋ ಜೊತೆಗೂಡಿದರೆ ಅವರು ಅವರ ವಾಹನದಲ್ಲೇ ಬರಲಿ. ಬಾಡಿಗೆ ಕಾರಾದರೆ ಎಸಿ ಹಾಕಿಸದೆ ನಾಲ್ಕೂ ಕಿಟಕಿಗಳನ್ನು ಇಳಿಸಿ, ಚಾಲಕರೂ ಸೇರಿದಂತೆ ಎಲ್ಲರೂ ಮಾಸ್ಕ್ ಹಾಕಿಕೊಳ್ಳಿ. ಚಳಿಗೆ ಎಲ್ಲವನ್ನೂ ತೆರೆಯಲಾಗದಿದ್ದರೆ ಹಿಂದೆ ಒಂದು, ಮುಂದೆ ಅದಕ್ಕೆ ಎದುರು ಬದಿಯದೊಂದು ತೆರೆದರೂ ಗಾಳಿ ಅಡ್ಡಹಾದು ಹೋಗುತ್ತದೆ. ಮಾಸ್ಕ್ ಕಡ್ಡಾಯವಾಗಿ ಕಳಚಬೇಕಾದ ಹೊತ್ತು ಊಟದ್ದು. ಹಾಗಾಗಿ ಹೋಟೆಲಿನ ತಿಂಡಿಗಿಂತ ಚಪಾತಿ, ಪಲ್ಯ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೋಗಿ ಮರದಡಿ ಕುಳಿತು ಉಣ್ಣುವುದು ಮೇಲು, ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾಗಿ ಊಟವೂ ಆಗುತ್ತದೆ.

ಯಾರೂ ಕೇಳದ, ಆದರೆ ಹೆಂಗಸರೂ ಹಿರಿಯರೂ ಮನಸ್ಸಿನಲ್ಲೇ ಲೆಕ್ಕ ಹಾಕುವ ವಿಷಯ ಶೌಚಾಲಯದ್ದು. ಅದಕ್ಕೆ ಹೆದರಿ ತಾಯಿಯವರು ಬೆಳಗಿನಿಂದ ನೀರನ್ನೇ ಕುಡಿಯದೆ ಕುಳಿತರೆ ಆರೋಗ್ಯಕ್ಕೆ ಕೆಡುಕು. ದೇವನಹಳ್ಳಿ ದಾರಿಯ ಪೆಟ್ರೋಲ್ ಬಂಕ್‌ಗಳಲ್ಲಿ ಬೆಳಿಗ್ಗೆ ಜನ ಕಡಿಮೆಯಿರುತ್ತಾರೆ. ಹಿಂದಿನವರು ಹೊರಬಂದ ಮೇಲೆ ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಕಾದು ಒಳಹೋಗಲಿ, ಮಾಸ್ಕ್ ತೆಗೆಯದಿರಲಿ, ಸೋಪು ಮನೆಯಿಂದಲೇ ಇರಲಿ.

ಇಷ್ಟು ಹೊತ್ತು ನಿಮ್ಮ ಮನೆಯವರ ಸುರಕ್ಷತೆಯನ್ನೇ ಹೇಳಿದೆ. ನೀವು ಹೋಗುವ ಊರಿನವರದೂ ಅಷ್ಟೇ ಮುಖ್ಯ. ಲಾಕ್‌ಡೌನ್ ಆರಂಭದಲ್ಲಿ ಹಲವು ಹಳ್ಳಿಗಳವರು ಮುಳ್ಳುಕಂಟಿ ಎಳೆದು, ಗುಂಡಿ ತೋಡಿ ತಮ್ಮ ದಾರಿಗಳನ್ನು ಮುಚ್ಚಿದ್ದರು. ಅದು ವಿಪರೀತವೆಂದು ಪಟ್ಟಣದವರಿಗೆ ಕಂಡಿರಬಹುದು, ಆದರೆ ಅವರ ಹೆದರಿಕೆಗೆ ಆಧಾರವಿತ್ತು. ನಿಯಮದ ಪ್ರಕಾರ ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ ನಾಲ್ಕಾರು ಹಾಸಿಗೆ. ಉಸಿರಾಟಕ್ಕೆ ತೊಂದರೆಯಾದವರನ್ನು ಪಟ್ಟಣಕ್ಕೇ ಸಾಗಿಸಬೇಕು. ರಾಜ್ಯದಲ್ಲಿ ಅತಿ ಹೆಚ್ಚು ಪ್ರಕರಣಗಳಿರುವ ನಗರದಿಂದ ಹೋಗುವವರು ನಾವು. ಮನೆಯಲ್ಲಿ ಯಾರಿಗಾದರೂ ಗಂಟಲು ಕೆರೆತ, ಮೈಬಿಸಿ, ವಾಸನೆ ತಿಳಿಯದಿರುವುದು ಕಂಡುಬಂದಿದ್ದರೆ, ಇಲ್ಲವೇ ಹಿಂದಿನ ಎರಡು ವಾರಗಳಲ್ಲಿ ಯಾರಾದರೂ ಜನ ತುಂಬಿದ ಮದುವೆಗೆ ಹೋಗಿಬಂದಿದ್ದರೆ ಪ್ರವಾಸವನ್ನು ಮುಂದೂಡಿ. ಸೋಂಕಿನ ಲಕ್ಷಣ ಸಾಮಾನ್ಯವಾಗಿ ಐದಾರು ದಿನಗಳಲ್ಲಿ ಕಂಡರೂ 14 ದಿನಗಳವರೆಗೆ ತಡವಾಗಬಹುದು. ನಂದಿಯ ಸುತ್ತಮುತ್ತ ಈಗ ರಾಗಿ ಒಕ್ಕಣೆಯ ಕಾಲ, ರಸ್ತೆಯ ಮೇಲೆಯೇ ತೆನೆ ಹರಡಿರುತ್ತಾರೆ, ನಿಧಾನವಾಗಿ ಸಾಗಿ. ದಾರಿಬದಿಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಕುಳಿತವರಲ್ಲಿ ಚೌಕಾಸಿಯಿಲ್ಲದೆ ಕೊಂಡರೆ, ಈ ವರ್ಷ ಪ್ರವಾಸಿಗರಿಲ್ಲದೆ ನಷ್ಟ ಕಂಡವರಿಗೆ ಒಂದಿಷ್ಟು ಆಸರೆಯಾಗುತ್ತದೆ. ಮಾಸ್ಕ್ ಹಾಕಿಕೊಂಡೇ ಮಾತನಾಡಿ.

ಹೊರಡುವ ಹಿಂದಿನ ಸಂಜೆ ನಿಯಮಗಳನ್ನು ಮತ್ತೊಮ್ಮೆ ವಿಚಾರಿಸಿಕೊಳ್ಳಿ. 2020ರ ಡಿಸೆಂಬರ್ 23ರಂದು ಘೋಷಿಸಿದ ರಾತ್ರಿ ಕರ್ಫ್ಯೂವನ್ನು ಸರ್ಕಾರ ಮರುದಿನವೇ ಹಿಂತೆಗೆದುಕೊಂಡಿತು, ಆದ್ದರಿಂದ ವಾರದ ಹಿಂದಿನ ಸುದ್ದಿಯನ್ನು ನಂಬುವಂತಿಲ್ಲ. ತಲುಪಿದಾಗ ಜನ ಕಿಕ್ಕಿರಿದಿದ್ದರೆ ಇಳಿಯದೆ ಮುಂದೆ ಸಾಗಲು ಇನ್ನೊಂದು ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡಿರಿ.

ಹಿಂದಿರುಗಿದ ಮೇಲೆ ಎರಡು ವಾರ ಎಲ್ಲರ ಮೈಬಿಸಿಯನ್ನು ಗಮನಿಸುತ್ತಿರಿ. ತಾಯಿಯವರಿಗೆ ಸುಸ್ತಷ್ಟೇ ಕಂಡರೂ ವಯಸ್ಸಿನ ಆಯಾಸವೆಂದು ತಳ್ಳಿಹಾಕದೆ ವೈದ್ಯರಿಗೆ ಕರೆಮಾಡಿ ಪರೀಕ್ಷೆಯ ಬಗ್ಗೆ ಕೇಳಿ (2020ರಲ್ಲಿ ಇದಕ್ಕೆ ರಾಜ್ಯದ ಆಪ್ತಮಿತ್ರ ಸಹಾಯವಾಣಿ 14410 ಇತ್ತು). ಸೋಂಕು ದೃಢಪಟ್ಟರೆ, ಪ್ರವಾಸದಲ್ಲಿ ಹತ್ತಿರ ನಿಂತು ಮಾತನಾಡಿದವರಿಗೂ, ಬಾಡಿಗೆ ಕಾರಾಗಿದ್ದರೆ ಅದರ ಚಾಲಕರಿಗೂ ಅದೇ ದಿನ ತಿಳಿಸಿ.