ಎನ್ ಮೌಲ್ಯ 7 ಬಂದರೆ ಮರಳು ನೀರಾಗುತ್ತದೆಯೇ?

ಪ್ರಶ್ನೆ: ಸಿರುಗುಪ್ಪ ಕಡೆ ತುಂಗಭದ್ರೆಯ ದಂಡೆಗೆ ಹತ್ತಿರ ಅಕ್ಕಿ ಗಿರಣಿ ಕಟ್ಟಿಸುತ್ತಿದ್ದೇವೆ. ಮಣ್ಣು ಪರೀಕ್ಷೆಯಲ್ಲಿ 6 ಮೀಟರ್ ಆಳದ ಮರಳಿಗೆ ಎನ್ ಮೌಲ್ಯ 7 ಬಂದಿದೆ. ಭೂಕಂಪವಾದರೆ ಇದು ನೀರಿನಂತಾಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಆ 7 ಹೇಗೆ ಬಂತು ಎಂಬುದನ್ನು ಮೊದಲು ನೋಡಿ. 63.5 ಕಿಲೋ ಹ್ಯಾಮರನ್ನು 75 ಸೆಂ.ಮೀ. ಎತ್ತರದಿಂದ ಬಿಡುತ್ತಾ, ಮಣ್ಣಿನ ಮಾದರಿ ಹಿಡಿಯುವ ಸೀಳು ಕೊಳವೆಯನ್ನು 45 ಸೆಂ.ಮೀ. ಇಳಿಸುತ್ತಾರೆ. ಬೋರ್ ತೋಡುವಾಗ ತಳದ ಮಣ್ಣು ಕದಡಿರುವುದರಿಂದ ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ. ಉಳಿದ 30 ಸೆಂ.ಮೀ.ಗೆ ಬಿದ್ದ ಪೆಟ್ಟುಗಳೇ ಎನ್.

ನೀರು ತುಂಬಿದ ಮರಳಿನಲ್ಲಿ ಈ ಅಂಕಿ ಬಹಳ ಬೇಗ ಕೆಡುತ್ತದೆ. ಬೋರ್ ಒಳಗಿನ ನೀರು ಸುತ್ತಲಿನ ಅಂತರ್ಜಲಕ್ಕಿಂತ ಕೆಳಗಿಳಿದರೆ ತಳದಿಂದ ಮರಳು ಮೇಲಕ್ಕುಕ್ಕುತ್ತದೆ. ಗಟ್ಟಿ ಪದರವೂ ಸಡಿಲವಾಗಿ ಕಾಣುತ್ತದೆ. 6 ಮೀಟರ್ ತೋಡಿದ ಬೋರ್‌ಗೆ ಇಳಿಸಿದ ರಾಡ್ 5.6ಕ್ಕೇ ನಿಂತರೆ ಅಲ್ಲಿ 40 ಸೆಂ.ಮೀ. ಉಕ್ಕಿದ ಮರಳಿದೆ ಎಂದರ್ಥ. ಆ ಎಣಿಕೆಯನ್ನು ಬಿಟ್ಟುಬಿಡಿ. ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ದ್ರಾವಣವನ್ನು ಸದಾ ಬಾಯಿಮಟ್ಟಕ್ಕೆ ಇಟ್ಟು, ತೋಡುವ ಉಪಕರಣವನ್ನು ನಿಧಾನಕ್ಕೆ ಮೇಲೆತ್ತುತ್ತಾ, ಪಕ್ಕದಲ್ಲಿ ಇನ್ನೊಂದು ಬೋರ್ ಹಾಕಿಸಿ. ಕೊಳವೆಯ ಬಾಯಿಗೆ ಬೆಣಚುಕಲ್ಲು ಸಿಕ್ಕಿದರೆ ಎನ್ ಸುಳ್ಳೇ ಏರುತ್ತದೆ. ಅದು ಇನ್ನೂ ಅಪಾಯ, ಏಕೆಂದರೆ ಯಾರೂ ಅನುಮಾನಪಡುವುದಿಲ್ಲ.

7 ನಿಜವೇ ಆಗಿದ್ದರೆ? ಕಟ್ಟಡಗಳ ಭೂಕಂಪ ಸುರಕ್ಷತೆಯ ಭಾರತೀಯ ಮಾನಕವಾದ 2016ರ ಐಎಸ್ 1893 ಪ್ರಕಾರ ಬಳ್ಳಾರಿ 2ನೇ ಭೂಕಂಪ ವಲಯ. ಈ ವಲಯಕ್ಕೆ 5 ಮೀಟರ್‌ವರೆಗೆ ಎನ್ 10, 10 ಮೀಟರ್‌ಗೆ 20 ಇರಬೇಕು. ಇವೆರಡರ ನಡುವೆ ಸಮನಾಗಿ ಹಂಚಿದರೆ 6 ಮೀಟರ್‌ಗೆ 12. ನಿಮ್ಮದು ಕಡಿಮೆ. ಅಷ್ಟಕ್ಕೇ ಮರಳು ನೀರಾಗುತ್ತದೆ ಎನ್ನಲಾಗದು, ಲೆಕ್ಕ ಹಾಕಬೇಕು. ಭೂಕಂಪದಲ್ಲಿ ನೆಲದ ವೇಗೋತ್ಕರ್ಷ 0.10 ಜಿ (ಗುರುತ್ವದ ಹತ್ತನೇ ಒಂದು ಪಾಲು), ನೀರು 1 ಮೀಟರ್ ಆಳದಲ್ಲಿ ಎಂದರೆ ಅಲುಗಾಟದಿಂದ ಮರಳಿನ ಮೇಲೆ ಬೀಳುವ ಒತ್ತಡದ ಅನುಪಾತ ಸುಮಾರು 0.106; ಮರಳಿನ ಪ್ರತಿರೋಧ ಇದಕ್ಕಿಂತ ಹೆಚ್ಚಿರಬೇಕು. ಮೇಲಿನ ಮಣ್ಣಿನ ಭಾರಕ್ಕೆ ಸರಿಪಡಿಸಿದರೆ 7 ಎಂಬುದು 8ರ ಸ್ವಲ್ಪ ಮೇಲಾಗುತ್ತದೆ. ಜಿಗುಟಿಲ್ಲದ ಶುದ್ಧ ಮರಳಿಗೆ ಅದರ ಪ್ರತಿರೋಧ 7.5 ಪ್ರಮಾಣದ ಭೂಕಂಪಕ್ಕೆ 0.10; ಸೋಲುತ್ತದೆ. 6 ಪ್ರಮಾಣದ ಭೂಕಂಪಕ್ಕಾದರೆ ಅದೇ ಮರಳಿನ ಪ್ರತಿರೋಧ ಸುಮಾರು 0.18, ತಡೆಯುತ್ತದೆ.

ನೀರಿನ ಮಟ್ಟವನ್ನೇ ಜನ ಮರೆಯುತ್ತಾರೆ. ಬೇಸಿಗೆಯಲ್ಲಿ ಬೋರ್ ಹಾಕಿ 4 ಮೀಟರ್‌ಗೆ ನೀರು ಸಿಕ್ಕಿತೆಂದರೆ ಅದೇ ಒತ್ತಡದ ಅನುಪಾತ 0.074ಕ್ಕೆ ಇಳಿದು ಕಾಣುತ್ತದೆ. ಕಾಲುವೆ ಹರಿದು ಭತ್ತದ ಗದ್ದೆಯಲ್ಲಿ ನೀರು ನಿಂತ ಮೇಲೆ ಮಟ್ಟ ಏರುತ್ತದೆ. ಲೆಕ್ಕಕ್ಕೆ ಆ ಏರಿದ ಮಟ್ಟವನ್ನೇ ಹಿಡಿಯಿರಿ. ಅಕ್ಕಪಕ್ಕದ ಬಾವಿ ಕೇಳಿ ತಿಳಿಯಿರಿ. ಸೀಳು ಕೊಳವೆಯ ಮಾದರಿಯನ್ನು 75 ಮೈಕ್ರಾನ್ ಜರಡಿ ಹಿಡಿಸಿ, ನುಣ್ಣನೆಯ ಮಣ್ಣು ಎಷ್ಟಿದೆ ನೋಡಿ; ಮೇಲಿನ ಪ್ರತಿರೋಧದ ಲೆಕ್ಕ ಶುದ್ಧ ಮರಳಿನದು. ಮೇಲಿನ ಎರೆಮಣ್ಣು ಹೀಗೆ ನೀರಾಗುವುದಿಲ್ಲ. ಅದರ ಬಾಧೆ ಹಿಗ್ಗು-ಕುಗ್ಗು.

ಮರುಪರೀಕ್ಷೆಯಲ್ಲೂ 7 ಬಂದು, ಏರಿದ ನೀರಿನ ಮಟ್ಟಕ್ಕೂ ಲೆಕ್ಕ ಸೋತರೆ, ಸಡಿಲ ಪದರವನ್ನು ದಾಟಿ ಗಟ್ಟಿ ನೆಲಕ್ಕೆ ಇಳಿಯುವ ಪೈಲ್, ಇಲ್ಲವೇ ಕಲ್ಲಿನ ಕಂಬ ಹೊಡೆದು ಮರಳನ್ನು ಬಿಗಿಮಾಡುವ ಕೆಲಸ ಮಾಡಿಸಬೇಕು. ಬಿಗಿಮಾಡಿದ ಮೇಲೆ ಅದೇ ಆಳದಲ್ಲಿ ಮತ್ತೆ ಪೆಟ್ಟು ಎಣಿಸಿಯೇ ಪಾಯ ತೆಗೆಯಿರಿ.