ಅರಿಶಿನದ ಸಾರವೇ ಕ್ಯಾನ್ಸರ್ ಕೋಶವನ್ನು ಕೊಲ್ಲುವುದಾದರೆ ಕೀಮೋ ಏಕೆ?

ಈ ಪ್ರಶ್ನೆಗೆ ಹಿಂದೆಯೂ ಉತ್ತರಿಸಿದ್ದೇನೆ. ಆದರೂ ಅದು ಬರುತ್ತಲೇ ಇರುವುದರಿಂದ ಈ ಸಲ ತುಸು ವಿವರವಾಗಿಯೇ ಬರೆಯುತ್ತೇನೆ.

ಅರಿಶಿನದ ಸಾರ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬುದು ನಿಜ. ಆದರೆ ತಟ್ಟೆಯಲ್ಲಿರುವ ಕೋಶವನ್ನು ಕೊಲ್ಲುವುದು ದೊಡ್ಡ ಸಾಹಸವೇನೂ ಅಲ್ಲ. ಗಾಢವಾದ ಉಪ್ಪುನೀರಿಗೂ ಸೋಪಿನ ನೀರಿಗೂ ಅದು ಸಾಯುತ್ತದೆ. ಸಾರವನ್ನು ಕರಗಿಸಲು ಬಳಸುವ ಡಿಎಂಎಸ್‌ಒ ದ್ರಾವಕ ಸ್ವಲ್ಪ ಹೆಚ್ಚಾದರೂ ಸಾಯುತ್ತದೆ. ಆದ್ದರಿಂದಲೇ ಬರೀ ದ್ರಾವಕ ಹಾಕಿದ ಕೋಶಗಳನ್ನೂ, ಅದೇ ಸಾರ ಹಾಕಿದ ಆರೋಗ್ಯವಂತ ಕೋಶಗಳನ್ನೂ ಜೊತೆಗಿಟ್ಟು ಹೋಲಿಸಬೇಕಾಗುತ್ತದೆ. ವಾಟ್ಸಾಪ್ ಸಂದೇಶಗಳಲ್ಲಿ ಈ ಹೋಲಿಕೆಯ ಸುಳಿವೇ ಇರುವುದಿಲ್ಲ.

ಇನ್ನು ಪ್ರಮಾಣದ ಮಾತು. ತಟ್ಟೆಯ ಪ್ರಯೋಗಗಳಲ್ಲಿ ಅರಿಶಿನದ ಮುಖ್ಯ ಸಕ್ರಿಯ ವಸ್ತುವಾದ ಕರ್ಕ್ಯುಮಿನ್ ಅನ್ನು ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟು ಕರಗಿದೆ ಎಂಬುದರ ಅಳತೆ) ಸಾಂದ್ರತೆಯಲ್ಲಿ ಬಳಸುತ್ತಾರೆ. ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದ ರೋಗಿಗಳ ರಕ್ತದಲ್ಲಿ ಕಂಡದ್ದು, ಗರಿಷ್ಠ ಮಟ್ಟದಲ್ಲಿಯೂ, ಸರಾಸರಿ 2 ಮೈಕ್ರೋಮೋಲಾರ್‌ಗಿಂತ ಕಡಿಮೆ. ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಹೀರಿಕೊಂಡಷ್ಟನ್ನು ಯಕೃತ್ತು ಬೇಗನೆ ರೂಪಾಂತರಿಸಿ ಹೊರಹಾಕುತ್ತದೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸಿನಲ್ಲಿ. ಅಂದರೆ ಆ 8 ಗ್ರಾಮಿಗಾಗಿ ದಿನವೂ ಕಾಲು ಕಿಲೋಗೂ ಮಿಕ್ಕಿ ಪುಡಿ ತಿನ್ನಬೇಕು. ರಾತ್ರಿ ಹಾಲಿಗೆ ಹಾಕುವ ಚಿಟಿಕೆಯ ಲೆಕ್ಕವನ್ನು ನೀವೇ ಮಾಡಿಕೊಳ್ಳಿ. ಇದಕ್ಕೆ ಪರಿಹಾರವೆಂದು ಗಾಢ ಕ್ಯಾಪ್ಸೂಲ್‌ಗಳನ್ನು ನುಂಗಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಕೀಮೋ ನಡೆಯುತ್ತಿರುವಾಗ ವೈದ್ಯರಿಗೆ ತಿಳಿಸದೆ ಅವನ್ನು ತೆಗೆದುಕೊಳ್ಳಲೇಬಾರದು.

ಕೋಶಗಳು ಸತ್ತವೆಂದು ತಿಳಿಯುವುದು ಹೇಗೆಂದು ಯಾರೂ ಕೇಳುವುದಿಲ್ಲ; ಕೇಳಬೇಕಿತ್ತು. 96 ಗುಳಿಗಳ ತಟ್ಟೆಗೆ ಎಂಟಿಟಿ ಎಂಬ ಹಳದಿ ರಾಸಾಯನಿಕವನ್ನು ಹಾಕಿ ಕೆಲವು ತಾಸು ಬಿಟ್ಟರೆ, ಬದುಕಿರುವ ಕೋಶಗಳು ಅದನ್ನು ನೇರಳೆ ಹರಳುಗಳಾಗಿ ಮಾರ್ಪಡಿಸುತ್ತವೆ. ನೇರಳೆ ಕಡಿಮೆಯಾದಷ್ಟೂ ಸಾವು ಹೆಚ್ಚೆಂದು ಲೆಕ್ಕ. ಆದರೆ ಕೋಶಗಳು ಸಾಯದೆ ಮಂದವಾದರೂ ಬಣ್ಣ ಇಳಿಯುತ್ತದೆ. ಮತ್ತೊಂದೆಡೆ ಗಿಡಮೂಲಿಕೆಗಳ ಆಂಟಿಆಕ್ಸಿಡೆಂಟ್‌ಗಳು ಒಂದೂ ಕೋಶವಿಲ್ಲದ ಗುಳಿಯಲ್ಲಿಯೂ ನೇರಳೆ ಬಣ್ಣ ತರಿಸಬಲ್ಲವು. ಕರ್ಕ್ಯುಮಿನ್ ಅಂತೂ ತಾನೇ ಹಳದಿ, ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುವ ಸ್ವಭಾವದ್ದು. ಪರೀಕ್ಷೆಗಳನ್ನು ದಾರಿ ತಪ್ಪಿಸುವುದರಲ್ಲಿ ಅದು ಕುಖ್ಯಾತ.

ಹಾಗಾದರೆ ಗಿಡಗಳಿಂದ ಔಷಧಿ ಬರುವುದೇ ಇಲ್ಲವೇ? ಬರುತ್ತದೆ, ಆದರೆ ಈ ಅವಸರದಲ್ಲಲ್ಲ. ರಸಾಯನವಿಜ್ಞಾನಿಗಳಾದ ಮನ್ರೋ ವಾಲ್ ಮತ್ತು ಮನ್‌ಸುಖ್ ವಾನಿ 1966ರಲ್ಲಿ ಚೀನಾ ಮೂಲದ ಮರವೊಂದರಲ್ಲಿ ಗುರುತಿಸಿದ, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿಯೂ ಇದೆ. ತಟ್ಟೆಯಲ್ಲಿ, ಇಲಿಗಳಲ್ಲಿ ಗೆದ್ದ ಈ ವಸ್ತು ಮನುಷ್ಯರ ಮೂತ್ರಕೋಶಕ್ಕೆ ತೀವ್ರ ಹಾನಿ ಮಾಡಿದ್ದರಿಂದ 1970ರ ದಶಕದಲ್ಲಿ ಪ್ರಯೋಗವನ್ನೇ ಕೈಬಿಡಬೇಕಾಯಿತು. ಅದರ ರಚನೆಯನ್ನು ಬದಲಿಸಿ ತಯಾರಿಸಿದ ಟೊಪೊಟೆಕಾನ್ ಎಂಬ ಕೀಮೋ ಔಷಧಿಗೆ ಅಮೆರಿಕದಲ್ಲಿ ಅನುಮೋದನೆ ದೊರೆತದ್ದು 1996ರಲ್ಲಿ. ಇಂದಿಗೂ ಈ ಬಗೆಯ ಔಷಧಿಗಳ ಕಚ್ಚಾವಸ್ತುವಿನ ಒಂದು ಪಾಲು ಘಟ್ಟದ ಆ ಮರಗಳನ್ನು ಕಡಿದೇ ಬರುತ್ತಿದೆ.