ನಾಣ್ಯದ ವಿನ್ಯಾಸ ಬದಲಿಸುವ ಅಧಿಕಾರ ಯಾರದು?

ಸ್ವಾತಂತ್ರ್ಯದ ಅಮೃತ ಮಹೋತ್ಸವದ ಲಾಂಛನ ಹೊತ್ತ 1, 2, 5, 10 ಮತ್ತು 20 ರೂಪಾಯಿಯ ನಾಣ್ಯಗಳು 2022ರ ಜೂನ್ 6ರಂದು ಬಿಡುಗಡೆಯಾದವು. ನಿತ್ಯದ ಚಲಾವಣೆಗೆಂದೇ ಟಂಕಿಸಿದ ಈ ನಾಣ್ಯಗಳಿಗಾಗಿ ಸಂಸತ್ತು ಹೊಸ ಕಾಯ್ದೆ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

2011ರ ನಾಣ್ಯ ಕಾಯ್ದೆಯ 4ನೇ ಸೆಕ್ಷನ್, ಸಾವಿರ ರೂಪಾಯಿ ಮೀರದ ಯಾವುದೇ ನಾಣ್ಯದ ಅಳತೆ, ವಿನ್ಯಾಸ ಮತ್ತು ಲೋಹವನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದೆ. ಸರ್ಕಾರ ನಿಯಮ ರೂಪಿಸಿ ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಅದನ್ನು ಸಂಸತ್ತಿನ ಮುಂದಿಡುವುದು ಆಮೇಲಿನ ಮಾತು. ನೋಟಿನ ವಿನ್ಯಾಸಕ್ಕಾದರೆ ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿಯ ಶಿಫಾರಸು ಬೇಕು. ನಾಣ್ಯದ ವಿಷಯದಲ್ಲಿ ಬ್ಯಾಂಕಿಗಿರುವುದು ಹಂಚುವ ಕೆಲಸ ಮಾತ್ರ.

ವಿನ್ಯಾಸವನ್ನು ಅಧಿಸೂಚನೆಗೆ ಬಿಡುವ ಈ ಪದ್ಧತಿ 1906ರ ಕಾಯ್ದೆಯಿಂದಲೇ ಬಂದದ್ದು. 1964ರಲ್ಲಿ ನೆಹರೂ ಚಿತ್ರದ ರೂಪಾಯಿ, 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ, 2006ರಲ್ಲಿ ಬಸವಣ್ಣನವರ ಐದು ರೂಪಾಯಿ, ಎಲ್ಲವೂ ಹಾಗೆಯೇ ಬಂದವು.

ತೊಡಕು ಎದ್ದು ಕಂಡದ್ದು ಹತ್ತು ರೂಪಾಯಿಯ ಎರಡು ಲೋಹದ ನಾಣ್ಯದಲ್ಲಿ. ಸಂಸತ್ತಿಗೆ ಅರವತ್ತು ವರ್ಷ, ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಮರಳಿ ನೂರು ವರ್ಷ, ಅಂಬೇಡ್ಕರ್ ಅವರ 125ನೇ ಜಯಂತಿ ಎಂದು ಒಂದರ ಹಿಂದೊಂದು ವಿನ್ಯಾಸ ಬಂದವು. 2011ರ ನಂತರದ ಸಾಮಾನ್ಯ ನಾಣ್ಯದಲ್ಲಿ ರೂಪಾಯಿಯ ಹೊಸ ಚಿಹ್ನೆಯೂ ಸೇರಿ, ಹಳೆಯದರಲ್ಲಿ ಹದಿನೈದಿದ್ದ ಗೆರೆಗಳು ಹತ್ತಕ್ಕಿಳಿದವು. ಹದಿನೈದು ಗೆರೆಯದು ಖೋಟಾ ಎಂಬ ವದಂತಿ ಹಬ್ಬಿದ್ದೇ ತಡ, ಅಂಗಡಿಯವರು ನಾಣ್ಯವನ್ನು ಬೆಳಕಿಗೆ ಹಿಡಿದು ಗೆರೆ ಎಣಿಸಿ, ‘ಇದು ನಡೆಯಲ್ಲ, ಬೇರೆ ಕೊಡಿ’ ಎಂದು ಹಿಂತಿರುಗಿಸತೊಡಗಿದರು. ಸಾವಿರ ರೂಪಾಯಿವರೆಗಿನ ಪಾವತಿಗೆ ಈ ನಾಣ್ಯ ಸಿಂಧುವೆಂದು ಅದೇ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಆದರೆ ಹತ್ತು ರೂಪಾಯಿಗಾಗಿ ಸೆಕ್ಷನ್ ಓದಿ ಹೇಳುವ ಗಿರಾಕಿ ಎಲ್ಲಿದ್ದಾನೆ?

2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹದಿನಾಲ್ಕು ವಿನ್ಯಾಸಗಳನ್ನು ಪಟ್ಟಿಮಾಡಿ, ಎಲ್ಲವೂ ಅಸಲಿಯೆಂದು ಸ್ಪಷ್ಟನೆ ಕೊಡಬೇಕಾಯಿತು. 14440ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಅದನ್ನೇ ಧ್ವನಿಮುದ್ರಣದಲ್ಲಿ ಕೇಳಿಸುವ ಏರ್ಪಾಡೂ ಆಯಿತು. ವಿನ್ಯಾಸ ಬದಲಿಸಲು ಒಂದು ಅಧಿಸೂಚನೆ ಸಾಕಾಗಿತ್ತು. ಬದಲಾದದ್ದನ್ನು ನಂಬಿಸುವುದಕ್ಕೆ ಇಷ್ಟೆಲ್ಲ ಬೇಕಾಯಿತು. ಗಲ್ಲಾದ ಮುಂದೆ ನಿಂತವನಿಗಂತೂ ಆ ಸಂಖ್ಯೆಗೆ ಫೋನ್ ಮಾಡುವುದಕ್ಕಿಂತ ಜೇಬಿನಿಂದ ನೋಟು ತೆಗೆಯುವುದೇ ಸಲೀಸು.